ಪೆಟ್ರೋಲ್ ಕಾಕ್ ಇಲ್ಲದ ಗಾಡಿ

ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮಾರುತೇಶ ಬಗ್ಗಿ ಟ್ಯಾಂಕಿನ ಕೆಳಗೆ ಕೈಯಾಡಿಸಿದ. ಪೆಟ್ರೋಲ್ ಕಾಕ್ ಮುಚ್ಚಿತ್ತು.

"ಯಾರು ಮುಟ್ಟಿದ್ದು ಇದನ್ನ?"

"ನಂಗೇನು ಗೊತ್ರಿ," ಎಂದಳು ಹಿಂದಿನಿಂದ ಇಳಿದ ರಶ್ಮಿತಾ. ಅವಳ ಕಣ್ಣು ರಸ್ತೆಯ ಮೇಲಿತ್ತು. ಚಳ್ಳಕೆರೆಯ ಕಡೆಯಿಂದ ಮೊಳಕಾಲ್ಮೂರಿನ ಬಸ್ಸು ಬರುತ್ತಿತ್ತು.

ಅವನು ಹೆಂಡತಿಯನ್ನು ನೋಡಿದ, ಬಸ್ಸನ್ನು ನೋಡಿದ. ಕಾಕ್ ತಿರುಗಿಸಿ ಕಿಕ್ಕರ್ ಒದ್ದ. ಗಾಡಿ ಶುರುವಾಯಿತು. ಬಸ್ಸು ಧೂಳೆಬ್ಬಿಸಿ ದಾಟಿ ಹೋಯಿತು.

ಅದೇ ಪ್ರಶ್ನೆಯನ್ನು ಅವನು ಮನೆಗೆ ಬಂದ ಮೇಲೆ ಇನ್ನೊಮ್ಮೆ ಕೇಳಿದ, ಬಾಗಿಲು ಹಾಕಿಕೊಂಡು. ಕೊನೆಗೆ ಉಸಿರು ಸುಧಾರಿಸಿಕೊಳ್ಳುತ್ತಾ, "ಕಾಕ್ ಇದ್ರೆ ತಾನೇ ಮುಚ್ಚೋದು? ಕಾಕೇ ಇಲ್ಲದ ಗಾಡಿ ತರ್ತೀನಿ," ಎಂದ.

ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡೇ ಕೇಳದ ಕಾಲ. ಆದರೂ ಮದುವೆಯಾಗಿ ಚಳ್ಳಕೆರೆಗೆ ಬಂದಮೇಲೆ ರಶ್ಮಿತಾ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಅವ್ವ ಸಿದ್ದಕ್ಕನನ್ನು ನೋಡಲೂ ಗಂಡನ ಹಿಂದೆ ಕೂತೇ ಹೋಗಬೇಕು. ಅವನು ಮಗ್ಗದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಲೋಟದ ಕಾಫಿ ಮುಗಿಯುವ ಮುಂಚೆ "ಹೊರಡೋಣ" ಎನ್ನುತ್ತಿದ್ದ. ಫೋನು ಬಂದರೆ ಸ್ಪೀಕರ್ ಹಾಕಿಸುತ್ತಿದ್ದ.

"ಎಷ್ಟು ಪ್ರೀತಿ ನೋಡ್ರೇ, ಹೆಂಡ್ತೀನ ಬಿಟ್ಟಿರಂಗೇ ಇಲ್ಲ," ಎನ್ನುತ್ತಿದ್ದರು ಬೀದಿಯ ಹೆಂಗಸರು. ಅವಳ ರವಿಕೆಯ ತೋಳು ಬರಬರುತ್ತಾ ಉದ್ದವಾಗುತ್ತಿದ್ದುದು ಅವರಿಗೆ ಕಾಣಲಿಲ್ಲ.

ಅವ್ವನಿಗೆ ಹೇಳಬೇಕಾದದ್ದು ಒಂದೇ ಮಾತು: ನಾನಿನ್ನು ಆ ಮನೆಗೆ ಹೋಗಲ್ಲ. ಅದನ್ನು ಅವನ ಎದುರಿಗೆ ಹೇಳುವಂತಿರಲಿಲ್ಲ.

ಮಾರುತೇಶನಿಗೆ ಟ್ರಯಲ್ಸ್ ಹುಚ್ಚು ಹತ್ತಿ ವರ್ಷವಾಗಿತ್ತು. ಕಾಲು ನೆಲಕ್ಕೆ ತಾಗಿಸದೆ ಬಂಡೆಯಿಂದ ಬಂಡೆಗೆ ಬೈಕು ಹತ್ತಿಸುವ ಆಟ ಅದು. ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಬಂಡೆಗೇನು ಬರ. ಊಟ ಮಾಡುವಾಗಲೂ ಫೋನಿನಲ್ಲಿ ಅದೇ ವಿಡಿಯೊ. "ನೋಡು, ಒಬ್ನಾದ್ರೂ ಕಾಲು ಇಡ್ತಾನಾ?" ಎಂದು ಅವಳ ಮುಖಕ್ಕೆ ಹಿಡಿಯುತ್ತಿದ್ದ. ಅವಳು ನೋಡುತ್ತಿದ್ದಳು. ಓದು ಏಳನೇ ಕ್ಲಾಸಿಗೇ ನಿಂತಿತ್ತು, ನೋಡುವುದು ನಿಂತಿರಲಿಲ್ಲ.

ಮೊಳಕಾಲ್ಮೂರಿನ ತವರಿನಲ್ಲಿ ರಶ್ಮಿತಾಳ ಅಕ್ಕನ ಮಗುವಿನ ನಾಮಕರಣದ ದಿನ ಬಂತು. ಹೋಗದಿದ್ದರೆ ಜನ ಕೇಳುತ್ತಾರೆ. ಬೆಳಿಗ್ಗೆ ಹೆಂಡತಿಯನ್ನು ಹಳೆಯ ಗಾಡಿಯ ಹಿಂದೆ ಕೂರಿಸಿಕೊಂಡು ಮಾರುತೇಶ ಮೊದಲು ಹೊನ್ನೂರಸ್ವಾಮಿಯ ಗ್ಯಾರೇಜಿಗೆ ಬಂದ. ಅದು ಚಳ್ಳಕೆರೆ ಬಸ್ ನಿಲ್ದಾಣದ ಎದುರಿಗೇ ಇತ್ತು. ಒಳಗೆ ಎರಡು ಟ್ರಯಲ್ಸ್ ಬೈಕುಗಳು ನಿಂತಿದ್ದವು. ಒಂದು ಕೆಂಪು, ಇನ್ನೊಂದು ಬಿಳಿ.

"ಕೆಂಪಿದು ಕಾರ್ಬುರೇಟರ್," ಎಂದ ಹೊನ್ನೂರಸ್ವಾಮಿ, ಕೈ ಒರೆಸಿಕೊಳ್ಳುತ್ತಾ. "ದಾರೀಲಿ ಕೈ ಕೊಟ್ರೆ ಒಂದು ಸಣ್ಣ ತಂತಿ ಸಾಕು, ನೀವೇ ಬಿಚ್ಚಿ ಕ್ಲೀನ್ ಮಾಡ್ಬೋದು. ಆದ್ರೆ ಬಂಡೆ ಮೇಲೆ ಮೂತಿ ಎತ್ತಿದಾಗ ಒಳಗಿನ ಪೆಟ್ರೋಲು ಹಿಂದಕ್ಕೆ ಸರಿದು ಒಂದೊಂದ್ಸಲ ಉಸಿರು ಕಟ್ತೈತೆ. ಬಿಳೀದು ಇಂಜೆಕ್ಷನ್ನು. ಹೆಂಗೆ ತಿರುಗಿಸಿದ್ರೂ ಅಳತೆ ತಪ್ಪಲ್ಲ. ಕೆಟ್ರೆ ಮಾತ್ರ ಲ್ಯಾಪ್‌ಟಾಪ್ ತಗೊಂಡು ಬೆಂಗಳೂರಿಂದ ಬರ್ಬೇಕು."

"ಕಾಕ್ ಎಲ್ಲೈತೆ ಬಿಳೀದಕ್ಕೆ?"

"ಇಲ್ವೇ ಇಲ್ಲ. ಎಲ್ಲಾ ಕಂಪ್ಯೂಟರೇ ನೋಡ್ಕೊಂತದೆ. ಇನ್ನೊಬ್ರು ಕೈ ಹಾಕಂಗಿಲ್ಲ."

ಮಾರುತೇಶ ಹೆಂಡತಿಯ ಕಡೆ ನೋಡಿದ.

ಅವನ ಗೆಳೆಯ ಜೋಗಪ್ಪ ಟೀ ಹಿಡಿದು ಟೈರಿನ ಮೇಲೆ ಕೂತಿದ್ದ. "ಲೇ, ಗುಡ್ಡದ ತುದೀಲಿ ಕೆಟ್ರೆ ಕಂಪ್ಯೂಟರ್ ಹೊತ್ಕೊಂಡು ಬರಾಕೆ ನಿಮ್ಮ ಮಾವ ಬರ್ತಾನೇನಲೇ? ಕೆಂಪಿದು ತಗ. ಹಿಂದಿನೋನು ಲೈಟು, ಉದ್ದ ಸೀಟು, ಹಾರನ್ನು ಎಲ್ಲಾ ಕೂರಿಸವ್ನೆ. ರೋಡಿಗೂ ಆತು, ಬಂಡೆಗೂ ಆತು."

ಮಾತು ಬೆಳೆಯಿತು. ತಂತಿ ಹೆಚ್ಚೋ ಕಂಪ್ಯೂಟರ್ ಹೆಚ್ಚೋ ಎಂದು ಟೀ ಅಂಗಡಿಯವರೂ ಬಂದು ಸೇರಿಕೊಂಡರು. ರಶ್ಮಿತಾ ಬಾಗಿಲ ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದಳು. ಎರಡು ಗಾಡಿಗಳನ್ನೂ ಒಮ್ಮೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು.

"ನೀನೇನಂತೀಯಾ?" ಎಂದ ಮಾರುತೇಶ ಇದ್ದಕ್ಕಿದ್ದಂತೆ.

ಯಾವುದಕ್ಕೂ ಅವಳನ್ನು ಕೇಳಿದವನಲ್ಲ. ಈಗಲೂ ಅವನು ಕೇಳುತ್ತಿರಲಿಲ್ಲ, ಅವಳ ಮಾತಿನಲ್ಲೇ ಅವಳನ್ನು ಹಿಡಿಯಲು ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು.

"ಕಾರ್ಬುರೇಟರ್ದೇ ಇರ್ಲಿ ಬಿಡ್ರಿ," ಎಂದಳು ಸೆರಗಿನ ಅಂಚು ತಿರುವುತ್ತಾ.

ಮಾರುತೇಶ ನಕ್ಕ. "ನಂಗೊತ್ತಿತ್ತು. ಸ್ವಾಮಿ, ಬಿಳೀದು ಕೊಡಪ್ಪ. ಹಳೇ ಗಾಡಿ ನೀನೇ ಇಟ್ಕ."

"ಇನ್ನೊಂದ್ಸಲ ಯೋಚ್ನೆ ಮಾಡ್ರಿ..." ಅವಳ ದನಿ ನಡುಗಿತು.

"ನೀನು ಬಾಯಿ ಮುಚ್ಚು."

ಹೊನ್ನೂರಸ್ವಾಮಿ ಹಳೆಯ ಗಾಡಿಯನ್ನು ಒಳಗೆ ತಳ್ಳಿ, ಆಗಲೇ ಅದರ ಚಕ್ರ ಬಿಚ್ಚತೊಡಗಿದ. ಮಾರುತೇಶ ಹೆಂಡತಿಯ ಹತ್ತಿರ ಬಂದು, ಅವಳಿಗಷ್ಟೇ ಕೇಳುವಂತೆ, "ಇನ್ಮೇಲೆ ದಾರೀಲಿ ಎಲ್ಲೂ ನಿಲ್ಲಲ್ಲ. ಮಗೀನ ನೋಡೋದು, ಹಂಗೇ ಹೊರಡೋದು," ಎಂದ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

"ನಿಮಗೊಬ್ರಿಗೇ ಅಂತ ಮಾಡಿಸಿದಂಗೈತೆ ಬಿಡಣ್ಣ," ಎಂದು ಹೊನ್ನೂರಸ್ವಾಮಿ ಬಿಳಿ ಗಾಡಿಯನ್ನು ಅಂಗಳಕ್ಕೆ ತಂದುಕೊಟ್ಟ.

ಮಾರುತೇಶ ಉಬ್ಬಿದ. ಒಂದೇ ಒದೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ವಿಡಿಯೊದವರ ಹಾಗೆಯೇ ಫುಟ್‌ರೆಸ್ಟುಗಳ ಮೇಲೆ ನೆಟ್ಟಗೆ ನಿಂತು ಅಂಗಳ ಸುತ್ತಿದ. ಮುಂದಿನ ಚಕ್ರ ಎತ್ತಿದ, ಇಳಿಸಿದ, ಇನ್ನೊಂದು ಸುತ್ತು ಹೋದ. ಟೀ ಅಂಗಡಿಯವರು ಶಿಳ್ಳೆ ಹಾಕಿದರು. ಎದುರಿಗೆ ಮೊಳಕಾಲ್ಮೂರಿನ ಬಸ್ಸು ಹೊರಡುವ ಹಾರನ್ನು ಹಾಕಿತು.

ಅವನು ಬಾಗಿಲ ಬಳಿ ಬಂದು ಕಾಲೂರಿ, ಹಿಂದೆ ತಿರುಗದೆಯೇ "ಹತ್ತು" ಎಂದ.

ಮೊದಲು ನಕ್ಕವನು ಜೋಗಪ್ಪ. "ಎಲ್ಲಿಗೆ ಹತ್ತಿಸ್ತೀಯಲೇ, ಹೆಗಲ ಮ್ಯಾಲಾ?"

ನಿಂತು ಓಡಿಸಲೆಂದೇ ಮಾಡಿದ ಆ ಬಿಳಿ ಗಾಡಿಗೆ ಸೀಟೇ ಇರಲಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಕಂಡಿದ್ದವಳು ಆಗಲೇ ಹೊರಟ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಒಬ್ಬಳೇ ಕೂತಿದ್ದಳು.