ಒಂಟೆ ಹಾಲಿನ ಮೊಸರು

ಎದ್ದವನೇ ಅಡುಗೆಮನೆಗೆ ಹೋಗಿ, ಪಾತ್ರೆಗಳ ಹಿಂದೆ ಬಚ್ಚಿಟ್ಟಿದ್ದ ಬಟ್ಟಲನ್ನು ಬೋರಲು ಹಿಡಿದ. ಮೊಸರು ಅಲುಗಲಿಲ್ಲ.

"ಸಿಕ್ಕಿಬಿದ್ದೆಯಾ ಕಳ್ಳ," ಎಂದ ಬಟ್ಟಲಿಗೆ.

ಡೇರಿಯಲ್ಲಿ ಹಾಲು ಪರೀಕ್ಷಿಸುವುದು ಅವನ ಕೆಲಸ. ಹಾಲು ನೀರು ಬೇರೆ ಮಾಡುವವನೆಂದು ಜೊತೆಯವರು ಅವನನ್ನು ಹಂಸ ಎನ್ನುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಕುಚೋದ್ಯ. ಅವನು ಮಾತ್ರ ಪೂರ್ತಿ ಹೊಗಳಿಕೆ ಎಂದೇ ತಿಳಿದಿದ್ದ. ಒಂಟೆ ಹಾಲು ಹೀಗೆ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಅಷ್ಟು ಅವನಿಗೆ ಗೊತ್ತು. ಅಂದರೆ ಭಾವಮೈದುನ ಇಷ್ಟು ದಿನ ಕೊಟ್ಟದ್ದು ಒಂಟೆ ಹಾಲೇ ಅಲ್ಲ.

ಶುರುವಾದದ್ದು ಹೋದ ವರ್ಷ. ಹೆಂಡತಿ ಕ್ಲಿನಿಕ್ಕಿನಿಂದ ಬಂದು, "ರೀ, ನಮ್ಮ ಮನೆಗೂ ಬಂತು ಸಕ್ಕರೆ ಕಾಯಿಲೆ," ಎಂದು ಕುರ್ಚಿಯಲ್ಲಿ ಕುಸಿದಿದ್ದಳು. ಬಿಸ್ಕತ್ತಿನ ಡಬ್ಬಿಗೆ ಕೈಹಾಕಿದರೆ ಇನ್ನೇನಾಗುತ್ತದೆ ಎಂದು ಅವನು ಹಂಗಿಸಿದ. ಡಬ್ಬಿ ಖಾಲಿ ಮಾಡುತ್ತಿದ್ದವರು ಯಾರೆಂದು ಡಬ್ಬಿಯನ್ನು ಕೇಳಬೇಕಿತ್ತು. ಆದರೆ ಒಳಗೊಳಗೇ ಅವನ ಜೀವ ಹಾರಿಹೋಗಿತ್ತು. ಇದೇ ಕಾಯಿಲೆಗೆ ಅವನ ಅಪ್ಪನ ಒಂದು ಕಾಲು ತೆಗೆದಿದ್ದರು. ಇವಳ ಕಾಲಿಗೂ ಹಾಗಾದರೆ ಎಂದು ಹೆದರಿದ, ಹೆದರಿದ್ದಕ್ಕೆ ಇನ್ನಷ್ಟು ರೇಗಿದ.

ಸಿಹಿ ಬಿಡಬೇಕು, ನಡೀಬೇಕು ಎಂದಿದ್ದರಂತೆ ಡಾಕ್ಟರಮ್ಮ. ಆ ಡಾಕ್ಟರಮ್ಮನೂ ಅವನ ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಡೇರಿಯವರೆಲ್ಲರ ರಕ್ತ ತಪಾಸಣೆ ಮಾಡಲು ಬಂದಿದ್ದಾಗ ಅವನಿಗೂ ಏನೋ ಹೇಳಲು ಬಾಯಿ ತೆರೆದಿದ್ದರು. ಮೊದಲು ನಿಮ್ಮ ಯಂತ್ರ ರಿಪೇರಿ ಮಾಡಿಸಿ ಎಂದು ಅವರಿಗೇ ಪಾಠ ಹೇಳಿ ಎದ್ದು ಬಂದಿದ್ದ.

ಇದರ ಜೊತೆಗೆ ಒಂಟೆ ಬೇರೆ. ಅದರ ಹಾಲು ಸಕ್ಕರೆ ಹತೋಟಿಗೆ ಸಹಾಯ ಮಾಡಬಹುದಂತೆ, ಖಚಿತವಿಲ್ಲ, ನೋಡೋಣ ಎಂದಳು ಹೆಂಡತಿ. ಲಾರಿ ಓಡಿಸುವ ಅವಳ ತಮ್ಮ ಒಂಟೆ ಸಾಕುವ ಕಡೆಯಿಂದ ತರುತ್ತಾನಂತೆ. ಅಂತೆ ಕಂತೆಗಳ ಸಂತೆ!

"ನಿನ್ನ ತಮ್ಮನಿಗೆ ಒಂಟೆಗೂ ಕತ್ತೆಗೂ ವ್ಯತ್ಯಾಸ ಗೊತ್ತಾ?" ಎಂದು ಕೇಳಿದ್ದ.

ಹಾಲು ಇರುತ್ತಿದ್ದದ್ದು ಗುಡ್ಡದ ಮೇಲಿನ ತಮ್ಮನ ಮನೆಯ ಫ್ರಿಜ್ಜಿನಲ್ಲಿ. ಒಟ್ಟಿಗೇ ತಂದಿಟ್ಟುಕೊಂಡರೆ ಕೆಡುತ್ತದೆ ಎಂಬ ನೆಪ. ದಿನಾ ಸಂಜೆ ಹತ್ತಿ ಹೋಗಿ ತರಬೇಕು. ದಾರಿಯಲ್ಲಿ ತಲೆ ತಿರುಗಿದರೆ ಏನು ಗತಿ ಎಂದು ಅವಳು ಒಬ್ಬಳೇ ಹೋಗಲೊಲ್ಲಳು. ಹಾಗಾಗಿ ಹಂಸವೂ ಹೊರಡಬೇಕಾಯಿತು. ಮೊದಮೊದಲು ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂರುತ್ತಿದ್ದ. ಈಗೀಗ ಭಾವಮೈದುನನನ್ನು ಬೈಯುತ್ತಲೇ ಒಂದೇ ಉಸಿರಿಗೆ ಹತ್ತುತ್ತಿದ್ದ. ಬೈಗುಳಕ್ಕೆ ಅಷ್ಟು ಶಕ್ತಿಯಿದೆ.

ಒಬ್ಬಳೇ ಕುಡಿದರೆ ವಾಕರಿಕೆ ಬರುತ್ತದೆಂದು ಅವಳು ಎರಡು ಲೋಟಕ್ಕೆ ಸುರಿಯುತ್ತಿದ್ದಳು. ನಾಲಿಗೆಯಲ್ಲೇ ಕಳ್ಳತನ ಹಿಡಿಯುತ್ತೇನೆಂದು ಅವನೂ ಕುಡಿಯುತ್ತಿದ್ದ. ಸ್ವಲ್ಪ ಉಪ್ಪು ಉಪ್ಪು. ಅವನ ಸಂಜೆಯ ಸಿಹಿ ಚಹಾ ಹೋಯಿತು. ಕಣ್ಣಿಗೆ ಬಿದ್ದರೆ ಆಸೆಯಾಗುತ್ತದೆಂದು ಅವಳು ಬಿಸ್ಕತ್ತಿನ ಡಬ್ಬಿಯನ್ನೂ ಪಕ್ಕದ ಮನೆಗೆ ದಾನ ಮಾಡಿದಳು. ಹೆಂಡತಿಯ ಕಾಯಿಲೆಗೆ ಗಂಡನ ಬಾಯಿಗೆ ಬೀಗ ಎಂದು ಡೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ರಕ್ತ ಕೊಡುವ ದಿನವಂತೂ ನಾಟಕವೇ ಸರಿ. ಅವಳಿಗೆ ಸೂಜಿ ಎಂದರೆ ಪ್ರಾಣಭಯ. ಮೊದಲು ನೀವು ಚುಚ್ಚಿಸಿಕೊಳ್ಳಿ, ನನಗೆ ಧೈರ್ಯ ಬರುತ್ತೆ ಎನ್ನುತ್ತಿದ್ದಳು. ಅವನು ಯುದ್ಧಕ್ಕೆ ಹೊರಟವನಂತೆ ತೋಳು ಚಾಚಿ, ಆಮೇಲೆ ಹತ್ತಿ ಒತ್ತಿಕೊಂಡು ಹೊರಗೆ ಕೂರುತ್ತಿದ್ದ. ಅವಳು ಒಳಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಾರನೇ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ, "ಇಳೀತಾ ಇದೆ, ಬಿಡಬೇಡಿ," ಎನ್ನುವರು. ಅವಳ ಕಣ್ಣು ತುಂಬಿ ಬರುತ್ತಿತ್ತು. ಕೀರ್ತಿಯೆಲ್ಲ ಒಂಟೆಗೆ! ಅವನ ಹೊಟ್ಟೆ ಉರಿಯುತ್ತಿತ್ತು. ಈ ನಡುವೆ ಡೇರಿಯ ಒದ್ದೆ ನೆಲದಲ್ಲಿ ನಿಂತು ನಿಂತು ಅವನ ಕಾಲ್ಬೆರಳಿಗಾಗಿದ್ದ ಹಳೇ ಹುಣ್ಣು ಮಾಯ್ದಿತ್ತು. ಹೊಸ ಬೂಟಿನ ಗುಣ ಎಂದ. ಸದ್ಯ, ಇದಕ್ಕೂ ಒಂಟೆಯೇ ಕಾರಣ ಅನ್ನಬೇಡ ಮಾರಾಯ್ತಿ ಎಂದು ನಕ್ಕ.

ನಿನ್ನೆ ಸಂಜೆ ಅವಳು ಅತ್ತ ತಿರುಗಿದಾಗ, ತನ್ನ ಲೋಟದ ಅರ್ಧ ಹಾಲನ್ನು ಬಟ್ಟಲಿಗೆ ಬಗ್ಗಿಸಿ ಹೆಪ್ಪು ಹಾಕಿದ್ದ.

ಈಗ ಆ ಬಟ್ಟಲು ಕ್ಲಿನಿಕ್ಕಿನ ಮೇಜಿನ ಮೇಲಿತ್ತು. ಹೆಂಡತಿಯನ್ನು ಹೊರಡಿಸಿ, ಭಾವಮೈದುನನನ್ನು ಲಾರಿಯಿಂದ ಇಳಿಸಿ, ಇಬ್ಬರನ್ನೂ ಎಳೆದುಕೊಂಡು ಬಂದಿದ್ದ.

"ನೋಡಿ ಡಾಕ್ಟ್ರೇ, ಒಂಟೆ ಹಾಲು ಹಿಂಗೆ ಹೆಪ್ಪಾಗತ್ತಾ? ಇದು ನಮ್ಮ ಡೇರಿದೇ, ಕೆನೆ ತೆಗೆದ ಹಾಲು. ಮೇಲೆ ಚಿಟಿಕೆ ಉಪ್ಪು. ಸ್ವಂತ ಅಕ್ಕನ ಕಾಲಿನ ಜೊತೆ ಆಟ ಆಡಿದಾನೆ ಇವನು."

ಕಾಲು ಎಂದವನೇ ಬಟ್ಟಲನ್ನು ಡಾಕ್ಟರಮ್ಮನತ್ತ ಇನ್ನಷ್ಟು ತಳ್ಳಿದ.

ಭಾವಮೈದುನ ಅಕ್ಕನ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅವನನ್ನ ಬೈಬೇಡಿ. ನಾನೇ ಹೇಳಿ ಮಾಡಿಸಿದ್ದು," ಎಂದಳು. "ಬರೀ ನಡೀರಿ ಅಂದ್ರೆ ನೀವು ಹೊಸಿಲು ದಾಟ್ತಿರಲಿಲ್ಲ. ಬೈಯೋಕೆ ಒಂದು ಒಂಟೆ ಬೇಕಾಗಿತ್ತು."

"ನಾನು ನಡೆದರೆ ನಿನ್ನ ಸಕ್ಕರೆ ಹೆಂಗೆ ಇಳಿಯತ್ತೆ? ತಲೆ ಕೆಟ್ಟಿದೆಯಾ ನಿನಗೆ?"

ಡಾಕ್ಟರಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಇವರ ಸಕ್ಕರೆ ಯಾವತ್ತೂ ಸರಿಯಾಗೇ ಇತ್ತು ಸಾರ್. ಇಷ್ಟು ದಿನ ಈ ಕೋಣೆಯಲ್ಲಿ ಸೂಜಿ ಚುಚ್ಚಿದ್ದು ನಿಮ್ಮೊಬ್ಬರಿಗೇ."