ಅಜ್ಜನ ಜೋಡುನಳಿಗೆ ಬಂದೂಕು

ಈಗಲೂ ಎಲ್ಲಾದರೂ ಅಗಸೆ ಎಣ್ಣೆಯ ವಾಸನೆ ಬಂದರೆ ನನಗೆ ಯಲಬುರ್ಗಾ ಕಡೆಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಿಜಾಮರ ಕಾಲ ಅದು. ಅಪ್ಪ ಮೊದಲೇ ತೀರಿಹೋಗಿದ್ದ. ಅಜ್ಜ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅವನ ಜೋಡುನಳಿಗೆ ಬಂದೂಕಿನ ಮರದ ಹಿಡಿಗೆ ಅಜ್ಜಿ ಎಣ್ಣೆ ಹಚ್ಚುತ್ತಿದ್ದಳು. ಅದರ ಲೋಹದ ಪಟ್ಟಿಯ ಮೇಲೆ ಬಳ್ಳಿಗಳ ನಡುವೆ ಎರಡು ಕೌಜುಗ ಹಕ್ಕಿಗಳನ್ನು ಕೆತ್ತಿದ್ದರು; ರೆಕ್ಕೆಯ ಒಂದೊಂದು ಗೆರೆಯೂ ನನ್ನ ಬೆರಳಿಗೆ ತಾಗುತ್ತಿತ್ತು.

ಆಗಲೇ ಊರ ದೇಸಾಯರು ಬಂದರು. ಇಂಥ ಹಳೆಯ ಬಂದೂಕುಗಳನ್ನು ಕೂಡಿಸಿ ತಮ್ಮ ದೊಡ್ಡಮನೆಯ, ಅಂದರೆ ವಾಡೆಯ, ಗೋಡೆಗೆ ತೂಗುಹಾಕುವ ಹುಚ್ಚು ಅವರಿಗೆ. ಬಂದೂಕನ್ನು ಎತ್ತಿಕೊಂಡು, ಕೆತ್ತನೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಮ್ಮ ವಾಡೇದಾಗ ಇರಬೇಕಾದ ಮಾಲು, ಬಸವ್ವ. ಗಂಡಸಿಲ್ಲದ ಮನ್ಯಾಗ ಬಂದೂಕ ಯಾಕ ಬೇಕು?"

"ಬೆಳಿ ಕಾಯಾಕ್ರಿ."

"ಹಾರ್ಸೋರು ಯಾರು?"

ಅಜ್ಜಿ ಅವರ ಕೈಯಿಂದ ಬಂದೂಕು ತೆಗೆದುಕೊಂಡಳು. ಗೋಡೆಯ ಗೂಡಿನಲ್ಲಿದ್ದ ತೋಟಾಗಳನ್ನು ತುಂಬಿ ಅಂಗಳಕ್ಕೆ ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆಕಾಶಕ್ಕೆ ಹಿಡಿದು ಎರಡೂ ನಳಿಗೆ ಹಾರಿಸಿಬಿಟ್ಟಳು. ಎತ್ತು ಹಗ್ಗ ಹರಿದುಕೊಂಡು ಓಡಿತು. ದೇಸಾಯರು ಕಂಬ ಹಿಡಿದುಕೊಂಡರು.

ಹೊಗೆಯ ನಡುವಿನಿಂದ ಅಜ್ಜಿ ಹೇಳಿದಳು: "ನೋಡಬೇಕನಿಸಿದ್ರ ಯಾವಾಗ ಬೇಕಾದ್ರೂ ಬರ್ರಿ, ಚಾ ಕುಡದು ನೋಡಿ ಹೋಗ್ರಿ. ಒಯ್ಯಾಕ ಮಾತ್ರ ಬರಬ್ಯಾಡ್ರಿ."

ಅವರು ಮತ್ತೆ ಬರಲಿಲ್ಲ. ಬಂದೂಕಿನ ಒದೆತಕ್ಕೆ ಅಜ್ಜಿಯ ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮುಚ್ಚಿಕೋ ಎಂದು ಅವ್ವ ಎಷ್ಟು ಹೇಳಿದರೂ ಕೇಳದೆ, ಬಾವಿಗೆ ಬಂದ ಹೆಂಗಸರಿಗೆಲ್ಲ ಸೆರಗು ಸರಿಸಿ ತೋರಿಸಿದಳು.