ಬೀದಿ ನಿಂತ ಹೊತ್ತು

ಬೆಳಿಗ್ಗೆ ಹತ್ತಕ್ಕೆ ಗದಗಿನ ಎಕ್ಸ್‌ರೇ ಅಂಗಡಿಯ ಗಂಟೆ ಮೊಳಗಿತು. ಎಂದಿನಂತೆ ಇಡೀ ಬೀದಿ ನಿಂತಿತು. ಹಿಟ್ಟಿನ ಗಿರಣಿ ಬಂದ್ ಆಯಿತು, ಬಸ್ಸಿನ ಎಂಜಿನ್ ಆರಿತು.

ಒಳಗೆ ಯಂತ್ರದಲ್ಲಿದ್ದದ್ದು ನೀಲವ್ವನ ಮಗಳು ತಂಗೆವ್ವನ ಕಿವಿಗೆ ಕೇಳಿಸುವ ಕ್ವಾಂಟಂ ಹರಳು. ಅದು ಕೆಟ್ಟಾಗಿನಿಂದ ಹುಡುಗಿಗೆ ಏನೂ ಕೇಳುತ್ತಿರಲಿಲ್ಲ. ಹರಳಿನೊಳಗೆ ಎಲೆಕ್ಟ್ರಾನುಗಳು ಎಲ್ಲಿ ಎಡವುತ್ತಿವೆಯೆಂದು ಎಕ್ಸ್‌ರೇ ಮಿಂಚಿನಲ್ಲಿ ಕಂಡರಷ್ಟೇ ರಿಪೇರಿ. ನೆಲ ಅಲುಗಿದರೆ ಚಿತ್ರ ಹಾಳು. ನಿನ್ನೆ ಹಾಳು ಮಾಡಿದವಳು ನೀಲವ್ವನೇ.

"ಅಕ್ಕಾರ, ಇವತ್ತರ ಕಾಲು ಕುಣಸಬ್ಯಾಡ್ರಿ," ಎಂದ ಅಂಗಡಿಯ ಮಾಬುಸಾಬ.

"ಇಲ್ಲಪ್ಪಾ, ಮಡಚಿಕೊಂಡೇ ಕುಂತೀನಿ."

ಚಿತ್ರ ಸಿಕ್ಕಿತು. ಮಾಬುಸಾಬ ಅಲ್ಲೇ ಹರಳನ್ನು ಸರಿಪಡಿಸಿ ತಂಗೆವ್ವನ ಕಿವಿಯಲ್ಲಿಟ್ಟ. ನೀಲವ್ವ ಬಾಗಿಲಿಗೆ ಬಂದು, ತನಗಾಗಿ ಎರಡು ದಿನ ನಿಂತ ಬೀದಿಗೆ ಕೈಮುಗಿದಳು.

"ಸಾಕ್ ಬಿಡಬೇ ಯವ್ವಾ, ಮೊದಲ ಲೇಟಾಗೈತಿ!" ಎಂದು ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ.

ತಂಗೆವ್ವ ಎರಡೂ ಕಿವಿ ಮುಚ್ಚಿಕೊಂಡಳು.